ಚಿ. ಉದಯಶಂಕರ್: ಪರರ ದನಿಯಲ್ಲಿ ಗೆದ್ದ ಗೀತರಚನೆಕಾರ

ಚಿ. ಉದಯಶಂಕರ್ ಮೂರು ದಶಕಗಳ ಕಾಲ ಕನ್ನಡ ಸಿನಿಮಾಗಳಿಗೆ ಹಾಡು ಮತ್ತು ಸಂಭಾಷಣೆ ಬರೆದವರು. 1963ರ ‘ಸಂತ ತುಕಾರಾಂ’ ಚಿತ್ರದಿಂದ ಆರಂಭವಾದ ಅವರ ವೃತ್ತಿ 1993ರಲ್ಲಿ ಅವರು ತೀರಿಕೊಳ್ಳುವವರೆಗೂ ಬಿಡುವಿಲ್ಲದೆ ನಡೆಯಿತು. ಅವರ ಹಾಡುಗಳು ಜನರನ್ನು ತಲುಪಿದ್ದು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ವಾಣಿ ಜಯರಾಂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಲ್ಲರಿಗಿಂತ ಹೆಚ್ಚಾಗಿ, ಜನ ‘ಅಣ್ಣಾವ್ರು’ ಎನ್ನುವ ನಟ ರಾಜ್‌ಕುಮಾರ್ ಅವರ ಕಂಠದಿಂದ. ಹೀಗಾಗಿ ಕೇಳುಗರ ಬಾಯಲ್ಲಿ ಅವು ‘ಪಿಬಿಎಸ್ ಹಾಡು’, ‘ಅಣ್ಣಾವ್ರ ಹಾಡು’ ಎಂದೇ ಉಳಿದಿವೆ. ಬರೆದವನ ಮಾತು ಹಾಡಿದವನ ಮಾತಾಗಿ, ಕೊನೆಗೆ ತೆರೆಯ ಮೇಲಿನ ಪಾತ್ರದ ಮಾತಾಗಿ ನಿಲ್ಲುವುದು ಈ ಕಸುಬಿನ ಸಹಜ ಗತಿ. ಉದಯಶಂಕರ್ ಅವರ ವೃತ್ತಿಜೀವನದಲ್ಲಿ ಆ ಗತಿ ಮೊದಲಿಂದ ಕೊನೆಯವರೆಗೂ ಸ್ಪಷ್ಟವಾಗಿ ಕಾಣುತ್ತದೆ.

ಕಂಪನಿ ನಾಟಕದಿಂದ ಟಾಕಿಗೆ

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಸಂಭಾಷಣೆ ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿ. ಕಂಪನಿ ನಾಟಕದ ಪದ್ಧತಿಯೇ ಆಗ ಸಿನಿಮಾಕ್ಕೂ ಬಂತು. ನಾಟಕ ಬರೆದವರೇ ಮಟ್ಟಿಗೆ ಹೊಂದುವಂತೆ ಹಾಡು ಕಟ್ಟಿಕೊಡುತ್ತಿದ್ದರು, ನಟ ತಾನೇ ಹಾಡುತ್ತಿದ್ದ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದ ರಂಗನಟರು ತೆರೆಗೆ ಬಂದಾಗ ಅವರ ಜೊತೆಗೆ ಅವರ ಕಂಠವೂ ಬಂತು. ಹಾಡಲು ಬಾರದವನು ನಾಯಕನಾಗುವುದು ಆಗ ಕಷ್ಟವಿತ್ತು.

ಹಿನ್ನೆಲೆ ಗಾಯನ ಬಂದ ಮೇಲೆ ಒಂದೇ ಹಾಡಿನ ಕೆಲಸ ನಾಲ್ಕು ಜನರಿಗೆ ಹಂಚಿಹೋಯಿತು. ಒಬ್ಬರು ಬರೆಯುವುದು, ಒಬ್ಬರು ರಾಗ ಹಾಕುವುದು, ಒಬ್ಬರು ಹಾಡುವುದು, ಇನ್ನೊಬ್ಬರು ತುಟಿಯಾಡಿಸುವುದು. ಪ್ರೇಕ್ಷಕನಿಗೆ ಕಾಣುವುದು ನಾಲ್ಕನೆಯವರ ಮುಖ, ಕೇಳುವುದು ಮೂರನೆಯವರ ದನಿ. ಬರೆದವರ ಹೆಸರು ಚಿತ್ರದ ಆರಂಭದ ಪಟ್ಟಿಯಲ್ಲಿ ಬಂದು ಹೋಗುತ್ತಿತ್ತು. 1950 ಮತ್ತು 60ರ ದಶಕಗಳಲ್ಲಿ ಈ ಕೆಲಸ ಮಾಡಿದವರು ಕು.ರ. ಸೀತಾರಾಮಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್, ಕಣಗಾಲ್ ಪ್ರಭಾಕರಶಾಸ್ತ್ರಿ, ಎಸ್.ಕೆ. ಕರೀಂಖಾನ್, ಸೋರಟ್ ಅಶ್ವತ್ಥ್, ಗೀತಪ್ರಿಯ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಮೊದಲಾದವರು. ಇವರಲ್ಲಿ ಹಲವರು ಹಾಡಿನ ಜೊತೆಗೆ ಸಂಭಾಷಣೆಯನ್ನೂ ಬರೆಯುತ್ತಿದ್ದರು, ಕೆಲವರು ನಿರ್ದೇಶಕರೂ ಆಗಿದ್ದರು. ಇಂಥವರಿಗೆ ಚಿತ್ರರಂಗದಲ್ಲಿದ್ದ ಹೆಸರು ಚಿತ್ರಸಾಹಿತಿ.

ಉದಯಶಂಕರ್ ಹುಟ್ಟಿದ್ದು ಇಂಥ ಮನೆಯಲ್ಲಿ. ಅವರ ತಂದೆ ಚಿ. ಸದಾಶಿವಯ್ಯ ಚಿತ್ರಸಾಹಿತಿಯಾಗಿದ್ದರು. ತಮ್ಮ ಚಿ. ದತ್ತರಾಜ್ ಮುಂದೆ ನಿರ್ದೇಶಕರಾದರು, ಮಗ ಚಿ. ಗುರುದತ್ ನಟರಾದರು. ಉದಯಶಂಕರ್ ಅವರ ಜನನ 1934ರ ಫೆಬ್ರುವರಿ 18ರಂದು, ಅಂದರೆ ಕನ್ನಡದ ಮೊದಲ ಟಾಕಿ ತೆರೆಕಾಣುವುದಕ್ಕೆ ಎರಡು ವಾರ ಮೊದಲು. ಅವರು ಚಿತ್ರರಂಗಕ್ಕೆ ಕಾಲಿಟ್ಟಾಗ ಕನ್ನಡ ಸಿನಿಮಾಗಳ ಬಹುಪಾಲು ಕೆಲಸ ಮದರಾಸಿನ ಸ್ಟುಡಿಯೋಗಳಲ್ಲೇ ಆಗುತ್ತಿತ್ತು. ಬೆಂಗಳೂರಿನ ಪಶ್ಚಿಮಕ್ಕೆ ಸರ್ಕಾರದ ಕಂಠೀರವ ಸ್ಟುಡಿಯೋ ಬಂದದ್ದು 1966ರಲ್ಲಿ. ಆಮೇಲೂ ಹಾಡಿನ ಧ್ವನಿಮುದ್ರಣ ಬಹುಕಾಲ ಮದರಾಸನ್ನೇ ನಂಬಿಕೊಂಡಿತ್ತು.

ಟ್ಯೂನಿಗೆ ಬರೆಯುವ ಕೆಲಸ

ಚಿತ್ರಗೀತೆ ಬರೆಯುವವರಿಗೆ ನಿರ್ದೇಶಕರು ಮೊದಲು ಸನ್ನಿವೇಶ ಹೇಳುತ್ತಾರೆ: ಹಾಡುವವರು ಯಾರು, ಯಾರ ಎದುರು, ಹಾಡಿಗೆ ಮುಂಚೆ ಏನಾಗಿದೆ, ಆಮೇಲೆ ಏನಾಗಬೇಕು. ಹೆಚ್ಚಿನ ಸಲ ಸಂಗೀತ ನಿರ್ದೇಶಕರ ಟ್ಯೂನು ಮೊದಲೇ ಸಿದ್ಧವಿರುತ್ತದೆ. ಹಾರ್ಮೋನಿಯಂ ಮುಂದೆ ಕೂತು ಅವರು ‘ತನನ’ ಎಂದು ಗುನುಗಿದ ಮಟ್ಟಿಗೆ ಮಾತು ಕೂರಿಸಬೇಕು. ಪಲ್ಲವಿಯ ಮೊದಲ ಸಾಲು ಒಂದೇ ಸಲಕ್ಕೆ ಕಿವಿಯಲ್ಲಿ ನಿಲ್ಲಬೇಕು. ಚರಣ ಕತೆಯನ್ನು ಒಂದು ಹೆಜ್ಜೆ ಮುಂದೊಯ್ದು ಮತ್ತೆ ಪಲ್ಲವಿಗೆ ಮರಳಲು ದಾರಿ ಮಾಡಿಕೊಡಬೇಕು. ಸ್ವರ ನಿಂತು ಎಳೆಯುವ ಕಡೆ ದೀರ್ಘಾಕ್ಷರ ಬಂದರೆ ಗಾಯಕರಿಗೆ ಅನುಕೂಲ, ಓಡುವ ಕಡೆ ಒತ್ತಕ್ಷರ ಹೆಚ್ಚಿದರೆ ತೊಡಕು. ಕಾವ್ಯದಲ್ಲಿ ಕವಿ ತನ್ನ ಲಯವನ್ನು ತಾನೇ ಆರಿಸಿಕೊಳ್ಳುತ್ತಾನೆ. ಇಲ್ಲಿ ಲಯ, ಪಾತ್ರ, ಭಾವ ಮೂರೂ ಬೇರೆಯವರಿಂದ ಬರುತ್ತವೆ, ಅದೂ ಧ್ವನಿಮುದ್ರಣದ ದಿನ ನಿಗದಿಯಾದ ಮೇಲೆ.

ಉದಯಶಂಕರ್ ಹೆಸರಾದದ್ದು ಬರವಣಿಗೆಯ ವೇಗ ಮತ್ತು ಸರಳತೆಗೆ. ಅವರ ಹಾಡಿನ ಮಾತು ಬಹುಮಟ್ಟಿಗೆ ಹಳೆ ಮೈಸೂರಿನ ಮನೆಮಾತಿಗೆ ಹತ್ತಿರ. ಪ್ರಾಸ ಸಹಜವಾಗಿ ಬಂದು ಬೀಳುತ್ತದೆ, ವಾಕ್ಯ ಮುರಿಯದೆ ಸಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಅನೇಕ ಚಿತ್ರಗಳಲ್ಲಿ ಸಂಭಾಷಣೆಯೂ ಅವರದೇ ಆಗಿದ್ದುದು. ನಾಯಕ ಮಾತಾಡುವ ಕನ್ನಡವೇ ಹಾಡಿನಲ್ಲೂ ಮುಂದುವರಿಯುತ್ತಿತ್ತು. ಮಾತು ಮುಗಿದು ಹಾಡು ಶುರುವಾದಾಗ ಬೇರೊಬ್ಬರು ಬಾಯಿ ಹಾಕಿದಂತೆ ಕೇಳುಗರಿಗೆ ಅನ್ನಿಸುತ್ತಿರಲಿಲ್ಲ. ಹಾಡು ಪಾತ್ರದ ಎದೆಯಿಂದಲೇ ಬಂದಂತೆ ಕೇಳಿಸಿತು. ಹಾಗೆ ಕೇಳಿಸಿದಷ್ಟೂ ಬರೆದವರು ಮರೆಯಾದರು.

ಶ್ರೀನಿವಾಸರ ಕಂಠ

ಉದಯಶಂಕರ್ ಅವರ ವೃತ್ತಿಯ ಮೊದಲ ಹಂತದ ದನಿ ಪಿ.ಬಿ. ಶ್ರೀನಿವಾಸ್ (1930–2013). ಕಾಕಿನಾಡದಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಶ್ರೀನಿವಾಸ್ 1960ರ ‘ಭಕ್ತ ಕನಕದಾಸ’ದ ಹೊತ್ತಿಗೆ ರಾಜ್‌ಕುಮಾರ್ ಅವರ ಹಾಡುವ ದನಿಯೆಂದೇ ನೆಲೆಯೂರಿದ್ದರು. ಶರೀರ ತಮ್ಮದು, ಶಾರೀರ ಶ್ರೀನಿವಾಸರದು ಎಂದು ರಾಜ್‌ಕುಮಾರ್ ಹೇಳುತ್ತಿದ್ದುದು ಪ್ರಸಿದ್ಧ. ಆ ಜೋಡಿಯ ಹಾಡುಗಳಿಗೆ ಮಾತು ಒದಗಿಸಿದವರಲ್ಲಿ 1970ರ ದಶಕದ ಆರಂಭದಿಂದ ಉದಯಶಂಕರ್ ಪ್ರಮುಖರಾದರು.

1971ರ ‘ಕಸ್ತೂರಿ ನಿವಾಸ’ ಇದಕ್ಕೆ ಒಳ್ಳೆಯ ಉದಾಹರಣೆ. ದೊರೈ-ಭಗವಾನ್ ನಿರ್ದೇಶನದ ಈ ಚಿತ್ರಕ್ಕೆ ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಸಂಭಾಷಣೆ ಉದಯಶಂಕರ್ ಅವರದು. ಕೊಡುಗೈ ದಾನಿಯಾದ ನಾಯಕ ಎಲ್ಲವನ್ನೂ ಕಳೆದುಕೊಳ್ಳುವ ಕತೆಯಿದು. ಉರುಳಿಸಿದರೂ ಎದ್ದು ನಿಲ್ಲುವ ಬೊಂಬೆಯ ಮೇಲೆ ಉದಯಶಂಕರ್ ಬರೆದ ಹಾಡು ಚಿತ್ರದಲ್ಲಿ ಎರಡು ಬಾರಿ ಬರುತ್ತದೆ: ಒಮ್ಮೆ ಸುಖದ ದಿನಗಳಲ್ಲಿ, ಇನ್ನೊಮ್ಮೆ ದುಃಖದಲ್ಲಿ. ಬೊಂಬೆ ಒಂದೇ, ಧಾಟಿ ಒಂದೇ. ಸಾಹಿತ್ಯ ಬದಲಾಗಿ ಅರ್ಥ ತಿರುವು ಪಡೆಯುತ್ತದೆ. ಕತೆಯ ತಿರುಳನ್ನು ಒಂದು ಆಟಿಕೆಯಲ್ಲಿ ಹಿಡಿದಿಟ್ಟ ಈ ರಚನೆ ಸಂಭಾಷಣೆಗಾರ ಮತ್ತು ಗೀತರಚನೆಕಾರ ಒಬ್ಬರೇ ಆದಾಗ ಸಿಗುವ ಲಾಭವನ್ನು ತೋರಿಸುತ್ತದೆ. 2014ರಲ್ಲಿ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗಲೂ ಪ್ರೇಕ್ಷಕರು ಈ ಹಾಡನ್ನು ಗುನುಗಿದರು.

1973ರ ‘ಗಂಧದ ಗುಡಿ’ಯಲ್ಲಿ ನಾಯಕ ಅರಣ್ಯಾಧಿಕಾರಿ. ರಾಜನ್-ನಾಗೇಂದ್ರ ಅವರ ಸಂಗೀತಕ್ಕೆ ಉದಯಶಂಕರ್ ಬರೆದು ಶ್ರೀನಿವಾಸ್ ಹಾಡಿದ ಕನ್ನಡ ನಾಡಿನ ಹಾಡು ಚಿತ್ರದ ಸನ್ನಿವೇಶ ಬಿಟ್ಟು ಹೊರಬಂತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ ವರ್ಷದ ನವೆಂಬರ್ 1ರಂದು. ಅಂದಿನಿಂದ ರಾಜ್ಯೋತ್ಸವದ ವೇದಿಕೆಗಳಲ್ಲಿ ಈ ಹಾಡು ತಪ್ಪದೆ ಕೇಳಿಬರುತ್ತಿದೆ. 1974ರ ‘ಎರಡು ಕನಸು’ ವಾಣಿಯವರ ಕಾದಂಬರಿ ಆಧರಿಸಿದ ಚಿತ್ರ. ಅದರ ಹಾಡುಗಳನ್ನು ಶ್ರೀನಿವಾಸ್, ಜಾನಕಿ, ವಾಣಿ ಜಯರಾಂ ಹಾಡಿದರು. ಪ್ರೀತಿ, ವಿರಹ, ಮುನಿಸು ಎಲ್ಲವೂ ಮಧ್ಯಮವರ್ಗದ ಮನೆಯೊಳಗಿನ ಮೆಲುದನಿಯಲ್ಲಿ ಬರುವ ಈ ಹಾಡುಗಳು ಕಾದಂಬರಿ ಆಧಾರಿತ ಚಿತ್ರಗಳಿಗೆ ಒಂದು ಮಾದರಿ ಹಾಕಿಕೊಟ್ಟವು.

ನಾಯಕನೇ ಗಾಯಕ

ನಾಯಕ ರಾಜ್‌ಕುಮಾರ್, ದನಿ ಶ್ರೀನಿವಾಸ್ ಎಂಬ ಈ ವ್ಯವಸ್ಥೆ 1974ರಲ್ಲೇ ಬದಲಾಯಿತು. ಪಿ.ಬಿ. ಧುತ್ತರಗಿ ಅವರ ನಾಟಕ ಆಧರಿಸಿದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಹಳ್ಳಿಯ ನಾಯಕ ಎಮ್ಮೆಯ ಮೇಲೆ ಕೂತು ಹಾಡುವ ಸನ್ನಿವೇಶವಿದೆ. ಆ ಹಾಡನ್ನು ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದಿಂದ ಬಂದವರು, ಕಂಠವೂ ಇತ್ತು, ಶಿಕ್ಷಣವೂ ಇತ್ತು. 1956ರ ‘ಓಹಿಲೇಶ್ವರ’ ಮತ್ತು 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಒಂದೊಂದು ಹಾಡು ಹಾಡಿದ್ದರು. ‘ಸಂಪತ್ತಿಗೆ ಸವಾಲ್’ನ ಉದಯಶಂಕರ್ ರಚನೆ ಜನಪ್ರಿಯವಾದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಟಾಕಿಯ ಮೊದಲ ದಿನಗಳ ಹಾಡುವ ನಟ ನಾಲ್ಕು ದಶಕಗಳ ಬಳಿಕ ಮತ್ತೆ ಬಂದಂತಾಯಿತು.

ಇದರಿಂದ ಗೀತರಚನೆಕಾರರ ಸ್ಥಾನವೂ ಬದಲಾಯಿತು. ಮುಖ ಮತ್ತು ದನಿ ಒಬ್ಬರದೇ ಆದಾಗ ಮಾತೂ ಅವರದೇ ಎಂಬ ನಂಬಿಕೆ ಕೇಳುಗರಲ್ಲಿ ಗಟ್ಟಿಯಾಗುತ್ತದೆ. ‘ಕಷ್ಟಕ್ಕೆ ಹೆದರಬಾರದು’, ‘ತಾಯಿಗಿಂತ ದೊಡ್ಡದಿಲ್ಲ’ ಎಂಬಂಥ ಬುದ್ಧಿಮಾತುಗಳನ್ನು ಜನ ರಾಜ್‌ಕುಮಾರ್ ಹೇಳಿದ ಮಾತೆಂದೇ ಸ್ವೀಕರಿಸಿದರು. ಉದಯಶಂಕರ್ ಈ ನಂಬಿಕೆಯನ್ನು ಅರಿತು ಬರೆದರು. ರಾಜ್‌ಕುಮಾರ್ ಕುಟುಂಬ ತನ್ನದೇ ನಿರ್ಮಾಣ ಸಂಸ್ಥೆ ಕಟ್ಟಿಕೊಂಡ ಮೇಲೆ ಅವರು ಆ ಬಳಗದ ಖಾಯಂ ಲೇಖಕರಾದರು. ಕತೆಯ ಆಯ್ಕೆ ನೋಡಿಕೊಳ್ಳುತ್ತಿದ್ದವರು ರಾಜ್‌ಕುಮಾರ್ ಅವರ ತಮ್ಮ ಎಸ್.ಪಿ. ವರದಪ್ಪ. ನಾಯಕ ಕುಡಿಯಬಾರದು, ಹೆಣ್ಣನ್ನು ಹೀಗಳೆಯಬಾರದು, ಹಿರಿಯರಿಗೆ ತಲೆಬಾಗಬೇಕು ಎಂಬ ಚೌಕಟ್ಟಿನೊಳಗೇ ಹಾಡು ಹುಟ್ಟಬೇಕಿತ್ತು.

ಚೌಕಟ್ಟು ಒಂದೇ ಆದರೂ ಪಾತ್ರಗಳು ಬೇರೆ ಬೇರೆ. ದೇವುಡು ಅವರ ಕಾದಂಬರಿ ಆಧರಿಸಿದ 1975ರ ‘ಮಯೂರ’ದಲ್ಲಿ ಕದಂಬ ಅರಸನ ಬಾಯಲ್ಲಿ ಪ್ರಜೆಗಳಿಗೆ ಅಭಯ ನೀಡುವ ಹಾಡು ಬೇಕಾಯಿತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಪತ್ತೇದಾರಿ ಚಿತ್ರ. ಅಲ್ಲಿ ಇಂಗ್ಲಿಷ್ ಸಾಲುಗಳ ಹಾಡನ್ನೂ ಉದಯಶಂಕರ್ ಬರೆದುಕೊಟ್ಟರು, ರಾಜ್‌ಕುಮಾರ್ ಹಾಡಿದರು. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ಅಕ್ಷರ ಬಾರದ ಕುರುಬ ಕಾಳಿಯ ಕೃಪೆಯಿಂದ ಕವಿಯಾಗುತ್ತಾನೆ. ಮೊದಲರ್ಧದಲ್ಲಿ ಹಳ್ಳಿಯ ಮಾತು, ದ್ವಿತೀಯಾರ್ಧದಲ್ಲಿ ಸಂಸ್ಕೃತ ಪದಗಳ ಹೊಳಪಿರುವ ಕನ್ನಡ ಬೇಕಿತ್ತು. ಎಂ. ರಂಗರಾವ್ ಸಂಗೀತದ ಆ ಚಿತ್ರದಲ್ಲಿ ಎರಡು ಬಗೆಯ ಭಾಷೆಯೂ ಒಂದೇ ದನಿಯಲ್ಲಿ ಹೊಂದಿಕೊಂಡಿತು. ನಾಟಕದ ಕಂದಪದ್ಯಗಳಲ್ಲಿ ಪಳಗಿದ ರಾಜ್‌ಕುಮಾರ್ ಅವರ ಉಚ್ಚಾರಣೆ ಬರೆಯುವವರಿಗೆ ದೊಡ್ಡ ಬಲ. ಉದ್ದನೆಯ ಸಮಾಸ ಬರೆದರೂ ಅಕ್ಷರ ತಪ್ಪುತ್ತದೆಂಬ ಭಯವಿರಲಿಲ್ಲ.

1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೋರಿದ ಗೋಕಾಕ್ ವರದಿಯ ಜಾರಿಗಾಗಿ ನಡೆದ ಚಳವಳಿಗೆ ರಾಜ್‌ಕುಮಾರ್ ಇಳಿದರು. ಅದೇ ವರ್ಷ ತೆರೆಕಂಡ ‘ಚಲಿಸುವ ಮೋಡಗಳು’ ಚಿತ್ರದಲ್ಲಿ ಕನ್ನಡ ನುಡಿಯ ಸವಿಯನ್ನು ಹೊಗಳುವ ಉದಯಶಂಕರ್ ರಚನೆಯಿತ್ತು. ಚಳವಳಿಯ ನಾಯಕನ ದನಿಯಲ್ಲೇ ಬಂದ ಕಾರಣ ಅದು ಸಿನಿಮಾದ ಹಾಡಾಗಿಯಷ್ಟೇ ಉಳಿಯಲಿಲ್ಲ.

ಬೇರೆ ದನಿಗಳು

ಉದಯಶಂಕರ್ ಅವರ ಯಶಸ್ಸು ಒಬ್ಬ ನಾಯಕನಿಗೆ ಸೀಮಿತವಾಗಿರಲಿಲ್ಲ. ಅನಂತ್‌ನಾಗ್ ಅಭಿನಯದ ‘ಬಯಲು ದಾರಿ’ (1976) ಮತ್ತು ‘ನಾ ನಿನ್ನ ಬಿಡಲಾರೆ’ (1979) ಚಿತ್ರಗಳಲ್ಲಿ ರಾಜನ್-ನಾಗೇಂದ್ರ ಸಂಗೀತಕ್ಕೆ ಅವರು ಬರೆದ ಹಾಡುಗಳು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಜಾನಕಿ ಅವರ ಕಂಠದಲ್ಲಿ ಮನೆಮಾತಾದವು. ಇಲ್ಲಿ ನಾಯಕ ಬೋಧಿಸುವ ಹಿರಿಯನಲ್ಲ, ಮೋಹಗೊಂಡ ಯುವಕ. ಅದಕ್ಕೆ ತಕ್ಕಂತೆ ಸಾಲುಗಳು ಚಿಕ್ಕದಾದವು, ಬಾಲಸುಬ್ರಹ್ಮಣ್ಯಂ ಅವರ ಗಮಕಕ್ಕೆ ಮತ್ತು ನಗುವಿಗೆ ಎಡೆ ಬಿಟ್ಟವು. ತ.ರಾ.ಸು. ಕಾದಂಬರಿ ಆಧರಿಸಿದ ‘ಗಾಳಿಮಾತು’ (1981) ಚಿತ್ರದಲ್ಲಿ ಹೆಣ್ಣಿನ ಮೌನ ಸಂಕಟಕ್ಕೆ ಜಾನಕಿ ದನಿಯಾದರು.

ರಾಜ್‌ಕುಮಾರ್ ಅವರ ಮಕ್ಕಳಿಗೂ ಅವರೇ ಮಾತು ಕೊಟ್ಟರು. 1980ರ ದಶಕದ ಆರಂಭದ ‘ಭಾಗ್ಯವಂತ’ ಚಿತ್ರದಲ್ಲಿ ಬಾಲಕ ಪುನೀತ್ ಹಾಡಿದ ‘ಬಾನ ದಾರಿಯಲ್ಲಿ’ ಹಾಡು, ‘ಚಲಿಸುವ ಮೋಡಗಳು’ ಮತ್ತು 1985ರ ‘ಬೆಟ್ಟದ ಹೂವು’ ಚಿತ್ರಗಳ ಮಗುವಿನ ಹಾಡುಗಳು ಉದಯಶಂಕರ್ ರಚನೆಗಳು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ‘ಬಾನ ದಾರಿಯಲ್ಲಿ’ ನಾಡಿನ ತುಂಬ ಮತ್ತೆ ಕೇಳಿಬಂತು. ಬರೆದವರು ತೀರಿಕೊಂಡು 28 ವರ್ಷಗಳಾಗಿದ್ದವು. 1986ರ ‘ಆನಂದ್’ ಮೂಲಕ ಶಿವರಾಜ್‌ಕುಮಾರ್ ನಾಯಕರಾದಾಗ ಅದರ ಹಾಡುಗಳನ್ನೂ ಅವರೇ ಬರೆದರು. ಸಿನಿಮಾದ ಹೊರಗೆ, ರಾಘವೇಂದ್ರಸ್ವಾಮಿಗಳ ಮೇಲೆ ಬರೆದು ರಾಜ್‌ಕುಮಾರ್ ಹಾಡಿದ ಭಕ್ತಿಗೀತೆಗಳು ಕ್ಯಾಸೆಟ್ಟಿನ ಮೂಲಕ ಮನೆಮನೆಯ ದೇವರ ಕೋಣೆ ಸೇರಿದವು. ಗುರುವಾರ ಬಂದರೆ ಮಠದ ಧ್ವನಿವರ್ಧಕದಲ್ಲಿ ಅವು ಈಗಲೂ ಕೇಳುತ್ತವೆ.

ಹೆಸರು ಉಳಿದ ಕಡೆ, ಅಳಿದ ಕಡೆ

ಹಾಡು ಬರೆದವರ ಹೆಸರನ್ನು ಜನ ಓದುತ್ತಿದ್ದುದು, ಕೇಳುತ್ತಿದ್ದುದು ಎರಡು ಕಡೆ. ಒಂದು, ಚಿತ್ರಮಂದಿರದ ಮುಂದೆ ಕೆಲವೇ ಪೈಸೆಗೆ ಮಾರುತ್ತಿದ್ದ ಹಾಡಿನ ಪುಸ್ತಕ. ತೆಳು ಕಾಗದದ ಆ ಪುಸ್ತಕದಲ್ಲಿ ಕಥಾಸಾರಾಂಶ, ಹಾಡುಗಳ ಪೂರ್ಣ ಸಾಹಿತ್ಯ ಮತ್ತು ಬರೆದವರ ಹೆಸರು ಅಚ್ಚಾಗುತ್ತಿತ್ತು. ಇನ್ನೊಂದು ಆಕಾಶವಾಣಿ. ಚಿತ್ರಗೀತೆ ಕಾರ್ಯಕ್ರಮಗಳಲ್ಲಿ ಚಿತ್ರ, ಗಾಯಕರು ಮತ್ತು ಸಂಗೀತದ ಜೊತೆಗೆ ಸಾಹಿತ್ಯ ಯಾರದೆಂದು ಹೇಳುವ ಕ್ರಮವಿತ್ತು. ರೇಡಿಯೋ ಕೇಳಿ ಬೆಳೆದ ತಲೆಮಾರಿಗೆ ‘ಸಾಹಿತ್ಯ: ಚಿ. ಉದಯಶಂಕರ್’ ಎಂಬ ಮಾತು ಹಾಡಿನಷ್ಟೇ ಪರಿಚಿತ.

ಹಾಡು ಬಡಾವಣೆಗಳ ಬೀದಿ ವೇದಿಕೆಗೆ ಬಂದಾಗ ಈ ಹೆಸರು ಬಿಟ್ಟುಹೋಯಿತು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ 1949ರಲ್ಲಿ ರಾಜಾಜಿನಗರಕ್ಕೆ ಅಡಿಪಾಯ ಬಿದ್ದ ಮೇಲೆ ಕಾರ್ಖಾನೆಗಳು, ಅವುಗಳ ಸುತ್ತ ವಸತಿಗಳು ಬೆಳೆದವು. ಮುಂದಿನ ದಶಕಗಳಲ್ಲಿ ವಿಜಯನಗರ, ಆರ್‌ಪಿಸಿ ಲೇಔಟ್, ಬಸವೇಶ್ವರನಗರಗಳು ಎದ್ದವು. ಕನ್ನಡ ಚಿತ್ರಗಳ ದೊಡ್ಡ ಪ್ರೇಕ್ಷಕವರ್ಗ ಇಂಥ ಬಡಾವಣೆಗಳಲ್ಲಿತ್ತು. ಗಣೇಶನನ್ನು ಕೂರಿಸಿದಾಗ, ಅಣ್ಣಮ್ಮ ದೇವಿಯನ್ನು ಕರೆತಂದಾಗ, ನವೆಂಬರ್‌ನಲ್ಲಿ ಬಾವುಟ ಏರಿಸಿದಾಗ ಬೀದಿಗೆ ಅಡ್ಡಲಾಗಿ ವೇದಿಕೆ ಕಟ್ಟಿ ಆರ್ಕೆಸ್ಟ್ರಾ ಇಡುವುದು ಇಲ್ಲಿನ ವಾಡಿಕೆ. ಆರ್ಕೆಸ್ಟ್ರಾ ಗಾಯಕರು ಹಾಡಿಗೆ ಮುಂಚೆ ಹೇಳುವುದು ನಾಯಕನ ಹೆಸರು, ಹೆಚ್ಚೆಂದರೆ ಮೂಲ ಗಾಯಕರ ಹೆಸರು. ಅಲ್ಲಿ ಹಾಡು ಮೂರನೆಯ ಬಾಯಿಗೆ ದಾಟಿರುತ್ತದೆ. ಪದ ಮಾತ್ರ ಬದಲಾಗದೆ ಉಳಿದಿರುತ್ತದೆ.

ಕೊನೆಯ ವರ್ಷಗಳು

1987ರ ‘ಪ್ರೇಮಲೋಕ’ದಿಂದ ಕಸುಬಿನ ರೀತಿ ಮತ್ತೆ ಬದಲಾಯಿತು. ಹಂಸಲೇಖ ಸಂಗೀತವನ್ನೂ ಸಾಹಿತ್ಯವನ್ನೂ ತಾವೇ ಮಾಡಿದರು. ಟ್ಯೂನು ಮತ್ತು ಮಾತು ಒಂದೇ ತಲೆಯಲ್ಲಿ ಹುಟ್ಟಿದವು, ಲಹರಿ ಸಂಸ್ಥೆಯ ಕ್ಯಾಸೆಟ್ಟು ಚಿತ್ರದಷ್ಟೇ ದೊಡ್ಡ ಸರಕಾಯಿತು. ಕಾಲೇಜು ಹುಡುಗರ ಆಡುಮಾತು, ಪ್ರಶ್ನೋತ್ತರ, ಪದಗಳ ಚಮತ್ಕಾರ ಹಾಡಿಗೆ ಬಂದವು. ಸನ್ನಿವೇಶ ಕೇಳಿ ಬೇರೊಬ್ಬರ ಮಟ್ಟಿಗೆ ಬರೆದುಕೊಡುವ ಹಳೆಯ ಕ್ರಮಕ್ಕೆ ಮೊದಲಿದ್ದ ಬೇಡಿಕೆ ಉಳಿಯಲಿಲ್ಲ.

ಮೂರು ವರ್ಷಗಳ ಬಿಡುವಿನ ಬಳಿಕ ರಾಜ್‌ಕುಮಾರ್ 1992ರ ‘ಜೀವನ ಚೈತ್ರ’ದಲ್ಲಿ ಮರಳಿದಾಗ ಹಳೆಯ ಬಳಗವೇ ಕೂಡಿತ್ತು: ದೊರೈ-ಭಗವಾನ್ ನಿರ್ದೇಶನ, ಉಪೇಂದ್ರಕುಮಾರ್ ಸಂಗೀತ, ಉದಯಶಂಕರ್ ಸಾಹಿತ್ಯ. ತೋಡಿ ರಾಗದಲ್ಲಿ ನಾದದ ಮಹಿಮೆಯನ್ನು ಸಾರುವ ಹಾಡಿಗಾಗಿ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಗೀತರಚನೆಗೂ ಪ್ರತ್ಯೇಕ ರಾಷ್ಟ್ರಪ್ರಶಸ್ತಿಯಿದೆ. ಆ ಸಾಲಿನಲ್ಲಿ ಅದು ತಮಿಳಿನ ‘ರೋಜಾ’ ಚಿತ್ರಕ್ಕಾಗಿ ವೈರಮುತ್ತು ಅವರ ಪಾಲಾಯಿತು. ಅದರ ಹಿಂದಿನ ಸಾಲಿನಲ್ಲಿ ಅದನ್ನು ಪಡೆದವರು ಕನ್ನಡದ ಕೆ.ಎಸ್. ನರಸಿಂಹಸ್ವಾಮಿ, ‘ಮೈಸೂರ ಮಲ್ಲಿಗೆ’ ಚಿತ್ರಕ್ಕಾಗಿ. ಅವರ ‘ಮೈಸೂರು ಮಲ್ಲಿಗೆ’ ಸಂಕಲನ ಪ್ರಕಟವಾದದ್ದು 1942ರಲ್ಲಿ. ಕವಿಯ ಪುಸ್ತಕ ಅರ್ಧ ಶತಮಾನ ಕಾದು ಹಾಡಾಗಬಲ್ಲದು. ಚಿತ್ರಸಾಹಿತಿಯ ಸಾಲು ಧ್ವನಿಮುದ್ರಣದ ದಿನಕ್ಕೇ ಸಿದ್ಧವಿರಬೇಕು, ಅದರ ಮೊದಲ ಮುದ್ರಣವೇ ಗಾಯಕನ ದನಿ.

ಉದಯಶಂಕರ್ 1993ರ ಜುಲೈ 2ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ತೆರೆಕಂಡ ‘ಆಕಸ್ಮಿಕ’ದಲ್ಲಿ ರಾಜ್‌ಕುಮಾರ್ ಹಾಡಿದ ಕನ್ನಡ ನಾಡಿನ ಹಾಡು ಹಂಸಲೇಖ ಅವರದು. ‘ಗಂಧದ ಗುಡಿ’ಯ ಹಾಡಿನ ಪಕ್ಕದಲ್ಲಿ ಅದೂ ರಾಜ್ಯೋತ್ಸವದ ವೇದಿಕೆ ಏರಿತು.

ಹಕ್ಕಿನ ಪ್ರಶ್ನೆ

ಹಾಡು ಬೇರೆಯವರ ದನಿಯಲ್ಲಿ ಗೆದ್ದಾಗ ಬರೆದವರಿಗೆ ಸಲ್ಲುವುದೇನು ಎಂಬುದು ಹಣದ ಪ್ರಶ್ನೆಯೂ ಹೌದು. ಉದಯಶಂಕರ್ ದುಡಿದ ಕಾಲದಲ್ಲಿ ಗೀತರಚನೆಕಾರರಿಗೆ ನಿರ್ಮಾಪಕರು ಹಾಡಿಗೆ ಅಥವಾ ಚಿತ್ರಕ್ಕೆ ಇಷ್ಟು ಎಂದು ಒಂದೇ ಬಾರಿ ಸಂಭಾವನೆ ಕೊಡುವುದು ರೂಢಿ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯಕ್ಕೆ ಹಕ್ಕಿತ್ತು. ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ಪರವಾಗಿ ಗೌರವಧನ ಸಂಗ್ರಹಿಸಲು 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಿತು. ಆದರೆ 1977ರಲ್ಲಿ ಸುಪ್ರೀಂ ಕೋರ್ಟ್, ಬೇರೆ ಒಪ್ಪಂದವಿಲ್ಲದಿದ್ದರೆ ಚಿತ್ರಕ್ಕಾಗಿ ಹಣ ಕೊಟ್ಟು ಬರೆಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದು ತೀರ್ಪು ನೀಡಿತು. ರೇಡಿಯೋ, ಕ್ಯಾಸೆಟ್ಟು, ವೇದಿಕೆಗಳಲ್ಲಿ ಹಾಡು ಎಷ್ಟು ಸಲ ಕೇಳಿಬಂದರೂ ಬರೆದವರಿಗೆ ಪಾಲು ಸಿಗುವ ಖಾತ್ರಿ ಇರಲಿಲ್ಲ.

2012ರ ತಿದ್ದುಪಡಿ ಇದನ್ನು ಸರಿಪಡಿಸಲು ಹೊರಟಿತು. ಚಿತ್ರಮಂದಿರದಲ್ಲಿ ಚಿತ್ರದ ಭಾಗವಾಗಿ ಬಿಟ್ಟು ಬೇರೆ ಯಾವುದೇ ರೂಪದಲ್ಲಿ ಹಾಡು ಬಳಕೆಯಾದರೆ ಬರುವ ಗೌರವಧನದಲ್ಲಿ ಸಾಹಿತಿ ಮತ್ತು ಸಂಗೀತಗಾರರಿಗೆ ಸಮಪಾಲು ಸಲ್ಲಬೇಕು, ಆ ಪಾಲನ್ನು ಅವರು ವಾರಸುದಾರರಿಗೆ ಅಥವಾ ಹಕ್ಕು ಸಂಗ್ರಹಿಸುವ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ ಎಂದು ಕಾಯ್ದೆ ಹೇಳಿತು. ಉದಯಶಂಕರ್ ತೀರಿಕೊಂಡು ಆಗ 19 ವರ್ಷಗಳಾಗಿದ್ದವು. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕನ ಮರಣದ ನಂತರದ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಆ ಲೆಕ್ಕದಲ್ಲಿ ಅವರ ಸಾಹಿತ್ಯದ ಕೃತಿಸ್ವಾಮ್ಯ 2053ರ ಕೊನೆಯವರೆಗೆ ಜೀವಂತ.